ಗುಟ್ಟು ಜೋಗುಳದಲ್ಲಿರಲಿ

ಪ್ರಶ್ನೆ: ಮಳೆಗೆ ಶಾಲೆ ರಜೆ ಸಿಕ್ಕ ದಿನ ಮನೆಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ದಾಳ ಉರುಳಿಸುವ ಸಾಹಸದ ಆಟ ಆಡಿಸುತ್ತೇನೆ. ಒಬ್ಬೊಬ್ಬರದು ಒಂದೊಂದು ಪಾತ್ರ, ಕಥೆ ನನ್ನದು. ಈ ಸಲ ಖಡ್ಗ ಮಾಡುವ ಗುಟ್ಟು ಒಂದೇ ಮನೆತನದಲ್ಲಿ ಉಳಿದಿದೆ ಎಂದು ಶುರುಮಾಡಿದೆ. ಹತ್ತೇ ನಿಮಿಷದಲ್ಲಿ ಅಜ್ಜನ ಪೆಟ್ಟಿಗೆ ಒಡೆದು ತಾಳೆಗರಿ ಓದಿಬಿಟ್ಟರು! ಮುಂದೇನು?
– ಓದುಗರು, ಶಿರಸಿ

ಉತ್ತರ: ತಾಳೆಗರಿ ಇಟ್ಟದ್ದೇ ತಪ್ಪು. ಬರೆದಿಟ್ಟ ಗುಟ್ಟನ್ನು ಕಳ್ಳನೂ ಓದುತ್ತಾನೆ. ಕೈಯಲ್ಲಿರುವ ಗುಟ್ಟು ಬೇಕಾದರೆ ಆ ಕೈಯ ಪಕ್ಕ ಕುಳಿತು ವರ್ಷಗಟ್ಟಲೆ ತಿದಿ ಒತ್ತಬೇಕು.

ನನ್ನ ಮೆಟ್ಟುಗತ್ತಿಯ ಬಾಯಿ ಹೋದಾಗ ಕುಮಟಾ ಕಡೆಯ ಒಬ್ಬ ಆಚಾರಿಯ ಬಳಿ ಒಯ್ದಿದ್ದೆ. ನಡುಮಧ್ಯಾಹ್ನ ಬಾಗಿಲು ಹಾಕಿಕೊಂಡರು. ವಿದ್ಯೆ ಬಚ್ಚಿಡುತ್ತಿದ್ದಾರೆ ಅಂದುಕೊಂಡೆ. ‘ಬಿಸಿಲಿನಲ್ಲಿ ಕೆಂಪು ಕಾಣುವುದಿಲ್ಲ’ ಎಂದರು, ಅಷ್ಟೇ. ಕಾದ ಕಬ್ಬಿಣದ ಬಣ್ಣ ನೋಡಿಯೇ ಹದ ತಿಳಿಯಬೇಕಾದ್ದರಿಂದ ಕುಲುಮೆಗೆ ಕತ್ತಲೆ ಬೇಕು. ಅಲಗನ್ನು ನೀರಿಗದ್ದಿ, ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಕಾಯಿಸಿದರು. ಬೆನ್ನಿನಿಂದ ಬಾಯಿಯ ಕಡೆಗೆ ಒಣಹುಲ್ಲಿನ ಹಳದಿ ಹರಿಯಿತು, ಹಿಂದೆಯೇ ಕಂದು, ನೇರಳೆ. ಹಳದಿ ಬಾಯಿ ಮುಟ್ಟಿದ್ದೇ ತಡ, ನೀರಿಗೆ! ನೀಲಿಯಾಗುವವರೆಗೆ ಬಿಟ್ಟಿದ್ದರೆ ಬಾಯಿ ಮೆತ್ತಗಾಗುತ್ತಿತ್ತು. ಕಾಯಿಸದೆ ಹಾಗೇ ಕೊಟ್ಟಿದ್ದರೆ ಮೊದಲ ತೆಂಗಿನಕಾಯಿಗೇ ಚಕ್ಕೆ ಏಳುತ್ತಿತ್ತು. ಇದನ್ನು ಯಾವ ಗರಿಯಲ್ಲಿ ಬರೆಯುತ್ತೀರಿ?

ಆದ್ದರಿಂದ ನಿಮ್ಮ ಕಥೆಯ ಅಜ್ಜನ ಪೆಟ್ಟಿಗೆ ಖಾಲಿಯಿರಲಿ. ಗುಟ್ಟು ಅಜ್ಜಿಯ ಜೋಗುಳದಲ್ಲಿರಲಿ. ಒಂದು ನುಡಿ ಹಾಡಿ ಮುಗಿಯುವಷ್ಟು ಹೊತ್ತು ಅಲಗು ಕಾಯಬೇಕು, ಇನ್ನೊಂದು ನುಡಿಯಷ್ಟು ಹೊತ್ತು ನೀರಿನಲ್ಲಿರಬೇಕು. ಮೂವರು ಹೆಣ್ಣುಮಕ್ಕಳು ಮೂರು ಊರಿಗೆ ಮದುವೆಯಾಗಿ ಹೋಗಿದ್ದಾರೆ, ಒಬ್ಬೊಬ್ಬಳಿಗೆ ಒಂದೊಂದು ನುಡಿ ನೆನಪಿದೆ. ತಾವು ಖಡ್ಗವಿದ್ಯೆಯನ್ನು ತೊಟ್ಟಿಲ ಬಳಿ ಹಾಡುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿಲ್ಲ. ಒಬ್ಬಳು ಗಂಡನ ಮನೆಯ ಧಾಟಿಗೆ ಬದಲಿಸಿ ಹಾಡುತ್ತಿದ್ದಾಳೆ. ಮಕ್ಕಳು ಅದನ್ನು ಗುರುತಿಸದಿದ್ದರೆ ನೀವು ಹೇಳಿಕೊಡಬೇಡಿ. ದಾಳ ಎಷ್ಟೇ ಬೀಳಲಿ, ಖಡ್ಗ ಚೆಂದವಾಗಿಯೇ ಹೊರಬರಲಿ, ಮೂರನೆಯ ಏಟಿಗೆ ಮುರಿಯಲಿ.

ಇನ್ನೊಂದು ತಿರುವನ್ನು ಇತಿಹಾಸವೇ ಇಟ್ಟುಕೊಂಡಿದೆ. ಘಟ್ಟದ ಮೇಲೆ ಮೈಸೂರು ಸೀಮೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಟ್ಟಿಗೆ, ಹಸಿರೆಲೆ ಹಾಕಿ ಮಣ್ಣಿನ ಮೂಸೆ ಮುಚ್ಚಿ ಉಕ್ಕು ಮಾಡುತ್ತಿದ್ದುದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರ ಪ್ರವಾಸದಲ್ಲಿ ಬರೆದಿಟ್ಟಿದ್ದಾನೆ. ಆ ಬಗೆಯ ಉಕ್ಕಿನ ಬಗ್ಗೆ 1795ರಲ್ಲೇ ಲಂಡನ್ನಿನಲ್ಲಿ ಪ್ರಬಂಧ ಬಂದಿತ್ತು. ಇಂಗ್ಲಿಷರು ಆ ಉಕ್ಕಿಗೆ ಹೇಳುವ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಪದವೇ ಎನ್ನುವವರು ಹೆಚ್ಚು. ಇಂಥ ಉಕ್ಕಿನ ಖಡ್ಗದ ಮೇಲೆ ನೀರಿನ ಅಲೆಯಂಥ ಗೆರೆಗಳಿರುತ್ತವೆ. ಅದಕ್ಕೆ ಅದಿರಿನಲ್ಲಿದ್ದ ತೀರ ಅಲ್ಪ ವೆನೇಡಿಯಂನಂಥ ಲೋಹದ ಬೆರಕೆಯೇ ಕಾರಣವೆಂದು ಅಮೆರಿಕದ ಲೋಹವಿಜ್ಞಾನಿ ವೆರ್‌ಹೋವನ್ ಮತ್ತು ಕಮ್ಮಾರ ಪೆಂಡ್ರೆ 1998ರಲ್ಲಿ ವಿವರಿಸಿದರು. ಅಂಥ ಅದಿರು ಮುಗಿದಾಗ ಕಸುಬೂ ಕೈಕೊಟ್ಟಿರಬಹುದು ಎಂಬುದು ಅವರ ವಾದ. ನಿಮ್ಮ ಖಳನಾಯಕ ಮೂರೂ ನುಡಿಗಳನ್ನು ಕದ್ದು, ಒಂದಕ್ಷರ ತಪ್ಪದೆ ಹಾಡಿಸಿ, ಕೊನೆಗೆ ಬೋಳು ಅಲಗು ಹಿಡಿದು ನಿಲ್ಲುವುದನ್ನು ಊಹಿಸಿಕೊಳ್ಳಿ. ಅಜ್ಜಿ ಸುಳ್ಳು ಹಾಡಲಿಲ್ಲ, ಗುಡ್ಡ ಖಾಲಿಯಾಗಿದೆ.

ಪ್ರಶ್ನೆ: ಇಂಥ ಕಥೆಯನ್ನು ಮಿರ್ಜಾನ್ ಕೋಟೆಯಲ್ಲಿ ನಡೆಸಬಹುದೇ?
– ಓದುಗರು, ಕುಮಟಾ

ಉತ್ತರ: ಧಾರಾಳವಾಗಿ. ಅಘನಾಶಿನಿ ಪಕ್ಕದಲ್ಲಿದೆ, ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಆ ಕೋಟೆಗೆ ಅಂಟಿಕೊಂಡಿದೆ. ಆದರೆ ಉಕ್ಕನ್ನು ಅಲ್ಲೇ ಕಾಯಿಸಬೇಡಿ, ಘಟ್ಟ ಇಳಿದು ಬರಲಿ. ಉಕ್ಕಿನ ಗಟ್ಟಿಗಳನ್ನು ಕಾಳುಮೆಣಸಿನ ಮೂಟೆಯೊಳಗೆ ಹುದುಗಿಸಿ ದಾಟಿಸುತ್ತಿದ್ದಾರೆ. ಸುಂಕದವನಿಗೆ ಮೆಣಸಿನ ಘಾಟಿಗೆ ಸೀನು, ಏನೂ ತಿಳಿಯುವುದಿಲ್ಲ. ದೋಣಿಯವನಿಗೆ ತಿಳಿಯುತ್ತದೆ: ಹತ್ತು ಮೂಟೆ ಮೆಣಸಿಗೆ ದೋಣಿ ಇಷ್ಟು ತಗ್ಗುವುದಿಲ್ಲ. ಅವನ ಬಾಯಿ ಮುಚ್ಚಿಸುವುದು ಹೇಗೆಂದು ಮಕ್ಕಳೇ ಯೋಚಿಸಲಿ.

ಪ್ರಶ್ನೆ: ಡ್ರ್ಯಾಗನ್ ಇರಲೇಬೇಕೇ?
– ಎಂಟನೆಯ ತರಗತಿ, ಕಾರವಾರ

ಉತ್ತರ: ಬೇಡ ಮರಿ. ತಿದಿ ಒತ್ತುವ ಕೆಲಸಕ್ಕಾದರೆ ಒಂದನ್ನು ಇಟ್ಟುಕೋ.