ಪಾಳಿಗೊಂದು ನಿಯಮ ಇರುವ ಕಡೆ ಯಾರಿಗೂ ರಕ್ಷಣೆ ಇಲ್ಲ

ಪ್ರಶ್ನೆ: ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರ ವಸತಿ ಕೇಂದ್ರದಲ್ಲಿ ನಾನು ಆರೈಕೆ ಸಿಬ್ಬಂದಿ. ಇಲ್ಲಿನ ಒಬ್ಬ ಗಂಡಸು, ಒಬ್ಬ ಹೆಂಗಸು ಒಬ್ಬರನ್ನೊಬ್ಬರು ತುಂಬಾ ಹಚ್ಚಿಕೊಂಡಿದ್ದಾರೆ. ಇಬ್ಬರೂ ಮೂವತ್ತು ದಾಟಿದವರು. ಕೈ ಹಿಡಿದು ಕೂರುತ್ತಾರೆ, ಮೊನ್ನೆ ಮುತ್ತು ಕೊಡುವುದನ್ನೂ ನೋಡಿದೆ. ಹಗಲು ಪಾಳಿಯವರು ಸುಮ್ಮನಿರುತ್ತಾರೆ, ರಾತ್ರಿ ಪಾಳಿಯವರು ಬೈದು ಬೇರೆ ಮಾಡುತ್ತಾರೆ. ಆಕೆಯ ತಾಯಿ, "ಅವಳಿನ್ನೂ ಮಗು ಇದ್ದ ಹಾಗೆ, ಅವನನ್ನು ದೂರ ಇಡಿ" ಎನ್ನುತ್ತಾರೆ. ಬರೆದಿಟ್ಟ ನಿಯಮ ಯಾವುದೂ ಇಲ್ಲ. ಏನು ಮಾಡಬೇಕು?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಚಿಂತೆಯಾಗಿದ್ದು ಎರಡು ಪಾಳಿಗೆ ಎರಡು ನಿಯಮ ಇದೆ ಎಂಬ ವಿಷಯಕ್ಕೆ. ಹಗಲು ಸರಿ ಇದ್ದದ್ದು ರಾತ್ರಿ ತಪ್ಪಾದರೆ, ಯಾರಿಗೂ ಕಾಣದ ಹಾಗೆ ಇರಬೇಕು ಎಂದಷ್ಟೇ ಅವರು ಕಲಿಯುತ್ತಾರೆ. ಕದ್ದುಮುಚ್ಚಿ ನಡೆಯುವ ಕಡೆ ಪ್ರೀತಿ ಯಾವುದು, ಬಲವಂತ ಯಾವುದು ಎಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಬೈಸಿಕೊಂಡೇ ಅಭ್ಯಾಸವಾದವರು ನಾಳೆ ಯಾರಾದರೂ ಮೈಮೇಲೆ ಕೈ ಹಾಕಿದರೂ ಬಾಯಿ ಬಿಡುವುದಿಲ್ಲ. ಹೇಳಿದರೆ ಮತ್ತೆ ನನಗೇ ಬೈತಾರೆ ಎನ್ನುವ ಭಯ ಅವರಿಗೆ.

ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಅದರ 23ನೇ ವಿಧಿ ಮದುವೆ, ಸಂಸಾರ, ಸಂಬಂಧಗಳಲ್ಲಿ ತಾರತಮ್ಯ ಇರಬಾರದು ಎನ್ನುತ್ತದೆ. 25ನೇ ವಿಧಿ ಲೈಂಗಿಕ ಆರೋಗ್ಯ ಸೇವೆಯನ್ನೂ ಸೇರಿಸಿದೆ. ಶೋಷಣೆಯಿಂದ ಕಾಪಾಡಬೇಕು ಎನ್ನುವ 16ನೇ ವಿಧಿಯೂ ಅದರಲ್ಲೇ ಇದೆ. ನಿಮ್ಮ ಕೇಂದ್ರದ ನಿಯಮದಲ್ಲೂ ಹಕ್ಕು, ರಕ್ಷಣೆ ಎರಡೂ ಒಟ್ಟಿಗೇ ಇರಬೇಕು.

ಇನ್ನು ಒಪ್ಪಿಗೆಯ ವಿಷಯ. "ಬುದ್ಧಿ ಆರು ವರ್ಷದ್ದು" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಹಣದ ಲೆಕ್ಕ ಬಾರದವರಿಗೂ ತಮಗೆ ಯಾರು ಇಷ್ಟ ಎಂದು ಚೆನ್ನಾಗಿ ಗೊತ್ತಿರಬಹುದು. ನೋಡಬೇಕಾದ್ದು ಇಷ್ಟು: ಏನು ನಡೆಯುತ್ತದೆ, ಅದರಿಂದ ಬಸಿರು ಅಥವಾ ಸೋಂಕು ಆಗಬಹುದು, ಬೇಡ ಎನ್ನಬಹುದು ಎಂಬುದು ಅವರಿಗೆ ಅರ್ಥವಾಗುತ್ತದೆಯೇ? ಎದುರಿನವರೂ ಒಪ್ಪಿರಬೇಕು ಎಂಬುದು ತಿಳಿದಿದೆಯೇ? ಈ ಕೊನೆಯದನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ತೀರ್ಪೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯ ಪ್ರಕಾರ ಲೈಂಗಿಕ ಸಂಬಂಧಕ್ಕೆ ಒಬ್ಬರ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡುವ ಹಾಗೇ ಇಲ್ಲ, ಹೆತ್ತವರೂ ಅಷ್ಟೇ. ದೇಶದಿಂದ ದೇಶಕ್ಕೆ ಕಾನೂನು ಬೇರೆ. ನಿಮ್ಮಲ್ಲಿ ಏನಿದೆ ಎಂದು ವಕೀಲರಲ್ಲಿ ಕೇಳಿಯೇ ನಿಯಮ ಬರೆಯಿರಿ.

ಆಕೆಯ ಜೊತೆ ಮಾತಾಡುವಾಗ ಆತ ಆ ಕೋಣೆಯಲ್ಲಿ ಇರಬಾರದು. ಆಕೆ ನಂಬುವವರು ಯಾರಾದರೂ ಚಿತ್ರಗಳನ್ನು ಇಟ್ಟುಕೊಂಡು, ಅವಸರ ಮಾಡದೆ ಕೇಳಲಿ. "ಅವರು ನಿಮಗೆ ಇಷ್ಟಾನಾ?" ಎಂದರೆ "ಹೂಂ" ಎಂದೇ ಬರುತ್ತದೆ. ಕೇಳಿದವರನ್ನು ಮೆಚ್ಚಿಸಲು ಹೂಂಗುಟ್ಟುವುದು ಇಂಥವರಲ್ಲಿ ಬಹಳ. ಬದಲಿಗೆ, "ಅವರು ಕೈ ಹಿಡಿದಾಗ ನಿಮಗೆ ಬೇಡ ಅನ್ನಿಸಿದರೆ ಏನು ಮಾಡ್ತೀರಿ?" ಎಂದು ಕೇಳಿ ಸುಮ್ಮನೆ ಕಾಯಿರಿ. ಕೈ ಹಿಂದಕ್ಕೆ ಎಳೆದು ತೋರಿಸಿದರೂ ಅದು ಉತ್ತರವೇ. ಆತನನ್ನೂ ಹೀಗೇ ಕೇಳಬೇಕು. ಗಂಡಸಿಗೂ ಬಲವಂತ ಆಗಬಹುದು, ಇದನ್ನು ನಾವು ಮರೆತೇಬಿಡುತ್ತೇವೆ.

ಬೇಡ ಎನ್ನುವುದು ಹಾಸಿಗೆಯ ಹತ್ತಿರ ಹೋದ ಮೇಲೆ ಕಲಿಯುವ ವಿದ್ಯೆಯಲ್ಲ. ಯಾವ ಬಟ್ಟೆ ಹಾಕಬೇಕು, ಯಾವಾಗ ಮಲಗಬೇಕು ಎಂಬುದನ್ನೆಲ್ಲ ಸಿಬ್ಬಂದಿಯೇ ತೀರ್ಮಾನಿಸುವ ಕಡೆ ಆ ಮಾತು ಬಾಯಿಗೆ ಬರುವುದಾದರೂ ಹೇಗೆ? ಸ್ನಾನ ಮಾಡಿಸುವಾಗ ಮುಟ್ಟುವ ಮುಂಚೆ ಕೇಳಿ. "ಈಗ ಬೇಡ" ಎಂದರೆ ಹತ್ತು ನಿಮಿಷ ಬಿಟ್ಟು ಬನ್ನಿ. ಗುಪ್ತಾಂಗಗಳಿಗೆ ಸರಿಯಾದ ಹೆಸರು ಹೇಳಿಕೊಡಿ. ಹೆಸರೇ ಗೊತ್ತಿಲ್ಲದವರು ದೂರು ಹೇಗೆ ಕೊಡುತ್ತಾರೆ?

ನಿಯಮದಲ್ಲಿ ಕೆಲವು ಮಾತು ಖಡಕ್ಕಾಗಿ ಇರಲಿ. ಸಿಬ್ಬಂದಿ ಮತ್ತು ನಿವಾಸಿಗಳ ನಡುವೆ ಲೈಂಗಿಕ ಸಂಬಂಧ ಯಾವ ಕಾರಣಕ್ಕೂ ಇಲ್ಲ, "ಒಪ್ಪಿದ್ದರು" ಎಂಬ ನೆಪವೂ ನಡೆಯದು. ದೌರ್ಜನ್ಯದ ಅನುಮಾನ ಬಂದರೆ ಯಾರಿಗೆ, ಎಷ್ಟು ಬೇಗ ತಿಳಿಸಬೇಕು ಎಂಬುದು ಬರಹದಲ್ಲಿರಲಿ. ಬಾಗಿಲು ಬಡಿದು, ಉತ್ತರ ಬಂದ ಮೇಲೆ ಒಳಗೆ ಹೋಗಬೇಕು. ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದಾಗ ಹಸ್ತಮೈಥುನ ಮಾಡಿಕೊಂಡರೆ ಬೈಯುವಂತಿಲ್ಲ. ಎಲ್ಲರೂ ಕೂರುವ ಹಾಲ್‌ನಲ್ಲಾದರೆ ರೇಗದೆ ಕೋಣೆಗೆ ಕಳಿಸಿ. ಕಾಂಡೋಮ್, ಗರ್ಭನಿರೋಧಕಗಳ ಬಗ್ಗೆ ವೈದ್ಯರು ಆಕೆಗೇ ವಿವರಿಸಬೇಕು. ಆಕೆಗೆ ಹೇಳದೆ ಇಂಜೆಕ್ಷನ್ ಕೊಡಿಸುವುದು, ಆಪರೇಷನ್ ಮಾಡಿಸುವುದು ಖಂಡಿತ ಕೂಡದು. ಗಂಡು ಗಂಡು, ಹೆಣ್ಣು ಹೆಣ್ಣು ಇಷ್ಟಪಟ್ಟರೂ ಇದೇ ನಿಯಮ.

ತಾಯಿಯ ಭಯವನ್ನು ತಳ್ಳಿಹಾಕಬೇಡಿ. ಮಗಳಿಗೆ ಯಾರಾದರೂ ಏನಾದರೂ ಮಾಡಿಬಿಟ್ಟರೆ ಎಂಬ ಆತಂಕ ಅದು. ಅದಕ್ಕೆ ಕಾರಣವೂ ಇದೆ. ರಕ್ಷಣೆಗೆ ಏನೇನು ವ್ಯವಸ್ಥೆ ಇದೆ ಎಂದು ಅವರಿಗೆ ವಿವರಿಸಿ. ಮಗಳ ಖಾಸಗಿ ಮಾತುಗಳನ್ನು ಮಾತ್ರ ಆಕೆಯನ್ನು ಕೇಳದೆ ಹೇಳಬೇಡಿ.

ನಿಯಮ ಬರೆಯಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಎರಡೂ ಪಾಳಿಯವರು ಒಟ್ಟಿಗೆ ಕೂತು ಒಂದೇ ತೀರ್ಮಾನಕ್ಕೆ ಬನ್ನಿ: ಇಬ್ಬರಿಗೂ ಇಷ್ಟವಿದ್ದರೆ ಕೈ ಹಿಡಿದು ಕೂರಲು ಅಡ್ಡಿಯಿಲ್ಲ, ಯಾರೂ ಬೈಯುವುದಿಲ್ಲ. ಪಾಳಿ ಪುಸ್ತಕದಲ್ಲಿ ಕಂಡದ್ದನ್ನಷ್ಟೇ ಬರೆಯಿರಿ, ಊಹೆ ಬೇಡ. ನಿಯಮದ ಸಭೆಗೆ ನಿವಾಸಿಗಳನ್ನೂ ಕರೆಯಿರಿ. ಕರಡನ್ನು ಸುಲಭ ಮಾತಿನಲ್ಲಿ, ಚಿತ್ರಗಳ ಜೊತೆ ಅವರ ಮುಂದಿಡಿ. ಅವರು ಬೇಡ ಎಂದು ತಲೆ ಅಲ್ಲಾಡಿಸಿದ ಕಡೆ ತಿದ್ದಿ.