ವರ್ಷಗಟ್ಟಲೆ ಕಾಡುವ ಸಾಂಕ್ರಾಮಿಕದ ನಡುವೆ ಕರುಣೆ ಬತ್ತದಂತೆ, ಊರು ಒಡೆಯದಂತೆ ಇರುವುದು ಹೇಗೆ?

ಕೋವಿಡ್‌ನಂತಹ ರೋಗವು ತಿಂಗಳುಗಳನ್ನು ದಾಟಿ ವರ್ಷಗಳವರೆಗೆ ಮುಂದುವರಿದಾಗ, ನೆರೆಹೊರೆಯವರ ಮೇಲೆ ಅಸಹನೆ ಬೆಳೆಯದಂತೆ ಬದುಕುವುದು ಹೇಗೆಂದು ತಾವು ಕೇಳಿದ್ದೀರಿ. ನಾನು ವೈದ್ಯನಲ್ಲ, ಕೊಡಗಿನ ಸುಂಟಿಕೊಪ್ಪದ ಆಸುಪಾಸಿನಲ್ಲಿ ಸಣ್ಣ ಕಾಫಿ ತೋಟ ಮಾಡಿಕೊಂಡಿರುವವನು. ಆ ಕಾಲದಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ತಿಳಿದುಕೊಂಡದ್ದನ್ನು ಹೇಳಬಲ್ಲೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ನಮ್ಮ ಜಿಲ್ಲೆಯ ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪಗಳು ನೋಡನೋಡುತ್ತಿದ್ದಂತೆ ಪರಿಹಾರ ಕೇಂದ್ರಗಳಾದವು. ಯಾರು ಯಾವ ಜಾತಿ, ಯಾವ ಭಾಷೆ ಎಂದು ಕೇಳದೆ ಜನ ಒಂದೇ ಹಂಡೆಯ ಅನ್ನ ಉಂಡರು. ಎರಡು ವರ್ಷ ತುಂಬುವ ಮೊದಲೇ, 2020ರ ಮಾರ್ಚ್‌ನಲ್ಲಿ, ಬೆಂಗಳೂರಿನಿಂದ ಬಂದ ಸ್ವಂತ ಅಣ್ಣನ ಮಗನಿಗೆ ಗೇಟು ತೆರೆಯಲು ನಾನು ಹಿಂದೆ ಮುಂದೆ ನೋಡಿದೆ. ಜನರ ಮನಸ್ಸು ಅಷ್ಟರಲ್ಲೇ ಕಲ್ಲಾಯಿತು ಎಂದು ನನಗನ್ನಿಸುವುದಿಲ್ಲ. ಗುಡ್ಡ ಕುಸಿದಾಗ ಅಪಾಯವಿದ್ದದ್ದು ಗುಡ್ಡದಲ್ಲಿ, ಪಕ್ಕದ ಮನೆಯವನು ಕೈಹಿಡಿದು ಎಳೆದುಕೊಳ್ಳುವವನಾಗಿದ್ದ; ಈ ರೋಗದಲ್ಲಾದರೋ ಅಪಾಯ ಅವನ ಉಸಿರಿನಲ್ಲೇ ಇರಬಹುದಿತ್ತು. ಮೇಲಾಗಿ ಎಂಥ ಮಳೆಯಾದರೂ ಒಂದು ದಿನ ಹೊಳವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಘೋಷಿಸಿದ ತುರ್ತುಸ್ಥಿತಿ ಕೊನೆಗೊಂಡದ್ದು 2023ರ ಮೇ 5ರಂದು. ಅಷ್ಟು ದೀರ್ಘ ಕಾಲ ಬರೀ ಉಮೇದಿನ ಮೇಲೆ ದಯೆ ಉಳಿಯಲಾರದು.

ನನ್ನ ತಪ್ಪು ನಡೆದದ್ದು 2020ರ ಏಪ್ರಿಲ್‌ನಲ್ಲಿ. ಕರಿಮೆಣಸು ಕುಯ್ಯಲು ಬಂದಿದ್ದ ಅಸ್ಸಾಮಿನ ಕೆಲಸಗಾರರು ಲಾಕ್‌ಡೌನ್‌ನಿಂದಾಗಿ ಪಕ್ಕದ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಗಳಲ್ಲಿ, ಸಿಕ್ಕಿಕೊಂಡಿದ್ದರು. ಅಲ್ಲಿ ಒಬ್ಬನಿಗೆ ಜ್ವರ ಬಂದಿದೆ, ಮುಚ್ಚಿಡುತ್ತಿದ್ದಾರೆ ಎಂಬ ಧ್ವನಿ ಸಂದೇಶವೊಂದು ವಾಟ್ಸಾಪ್‌ನಲ್ಲಿ ಬಂದಾಗ, ‘ಎಲ್ಲರ ಗಮನಕ್ಕೆ’ ಎಂದು ಬರೆದು ಊರಿನ ಗುಂಪಿಗೆ ದಾಟಿಸಿದೆ. ಮರುದಿನ ಬೆಳಿಗ್ಗೆ ನಲ್ಲಿಯ ಬಳಿ ಆತನ ಹೆಂಡತಿಯ ಹಸಿರು ಪ್ಲಾಸ್ಟಿಕ್ ಬಿಂದಿಗೆಯನ್ನು ಯಾರೋ ಕೋಲಿನಿಂದ ಸಾಲಿನಾಚೆ ತಳ್ಳಿದ್ದರು. ಪರೀಕ್ಷೆಯಲ್ಲಿ ಆತನಿಗೆ ಕೋವಿಡ್ ಇಲ್ಲವೆಂದಾಯಿತು, ಅದನ್ನೂ ಗುಂಪಿನಲ್ಲಿ ಬರೆದೆ. ಆದರೆ ಮೊದಲ ಸಂದೇಶ ಹೋದಷ್ಟು ದೂರ ಎರಡನೆಯದು ಹೋಗಲಿಲ್ಲ, ಮಳೆಗಾಲ ಹಿಡಿದ ಮೇಲೂ ಆ ಬಿಂದಿಗೆ ಸಾಲಿನ ಕೊನೆಯಲ್ಲೇ ಇತ್ತು. ಹೋರಾಟ ರೋಗದ ಜೊತೆಗೇ ಹೊರತು ರೋಗಿಯ ಜೊತೆಗಲ್ಲ ಎಂಬ ಮಾತನ್ನು ಫೋನ್ ಹಚ್ಚಿದಾಗಲೆಲ್ಲ ಕೇಳಿಸುತ್ತಿದ್ದ ಕಾಲವದು. ಕೇಳಿ ಕೇಳಿ ಬೇಸತ್ತಿದ್ದವರಲ್ಲಿ ನಾನೂ ಒಬ್ಬ.

ಅಂದಿನಿಂದ ಯಾರದೇ ಕಾಯಿಲೆಯ ಸುದ್ದಿ ಬಂದರೂ ಅದನ್ನು ಗುಂಪಿಗೆ ಹಾಕದೆ, ಮೊದಲು ಆ ಮನೆಗೇ ಫೋನ್ ಮಾಡುತ್ತೇನೆ, ಅಗತ್ಯವಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸುತ್ತೇನೆ. ಸಮುದಾಯಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ದೆಹಲಿಯಲ್ಲಿ ಮುಸ್ಲಿಮರ ಧಾರ್ಮಿಕ ಸಭೆಯೊಂದರಲ್ಲಿ ಸೋಂಕು ಹರಡಿದ ಸುದ್ದಿ ಹಬ್ಬಿದ ಮೇಲೆ ಮುಸ್ಲಿಮರ ಅಂಗಡಿಗೆ ಹೋಗಬೇಡಿ ಎಂಬ ಸಂದೇಶಗಳು ಹರಿದಾಡಿದವು. ಯಾವುದೇ ಸಮುದಾಯಕ್ಕೆ ರೋಗ ಹರಡಿದ ಹಣೆಪಟ್ಟಿ ಹಚ್ಚಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯವೇ ಆ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಮಾಕುಟ್ಟದ ಕಡೆ ಕೇರಳಕ್ಕೆ ಹೋಗುವ ರಸ್ತೆಗೆ ಗಡಿ ಮುಚ್ಚಲು ಮಣ್ಣು ಸುರಿದದ್ದು ಸರಿಯೋ ತಪ್ಪೋ, ಅದು ಸರ್ಕಾರದ ತೀರ್ಮಾನ. ಮಣ್ಣಿನಾಚೆಯವರೆಲ್ಲ ರೋಗ ಹೊತ್ತವರು ಎಂಬ ತೀರ್ಮಾನ ಮಾತ್ರ ನಮ್ಮದೇ ಆಗಿತ್ತು.

ಎರಡನೇ ಅಲೆಯ ಹೊತ್ತಿಗೆ, ಅಂದರೆ 2021ರ ಮೇ ತಿಂಗಳಲ್ಲಿ, ನಾವು ಕೆಲವು ಮನೆಯವರು ಸೇರಿ ಪಾಳಿ ಹಾಕಿಕೊಂಡೆವು. ತಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರವೇ ಇದು: ಕರುಣೆಯನ್ನು ಆಯಾ ದಿನದ ಮನಸ್ಸಿಗೆ ಬಿಡದೆ ಪಾಳಿಗೆ ಹಾಕಿಬಿಡಿ. ಪಾಳಿಯವರು ಲೈನ್ ಮನೆಗಳೂ ಸೇರಿದಂತೆ ಸೋಂಕಿತರಿರುವ ಪ್ರತಿ ಮನೆಗೆ ಬೆಳಿಗ್ಗೆ, ಸಂಜೆ ಫೋನ್ ಮಾಡಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನ ಅಂಕಿ ಬರೆದುಕೊಳ್ಳಬೇಕು, 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡಬೇಕು, ಗಂಜಿ, ಔಷಧಿ, ದನದ ಹುಲ್ಲನ್ನು ಗೇಟಿನ ಬಳಿ ಇಟ್ಟು ಬರಬೇಕು. ಜಗಳವಿರುವ ಮನೆ ಎಂದು ಪಾಳಿ ತಪ್ಪಿಸುವಂತಿಲ್ಲ ಎಂದು ನಾನೇ ಹೇಳಿದ್ದೆ. ಬೇಲಿಯ ತಕರಾರಿನಿಂದಾಗಿ ನಾಲ್ಕು ವರ್ಷ ಮಾತು ಬಿಟ್ಟಿದ್ದವರ ಮನೆಗೆ ನಾನೇ ಗಂಜಿ ಹೊತ್ತುಕೊಂಡು ಹೋಗಬೇಕಾಯಿತು. ಅವರು ಕಿಟಕಿಯಿಂದ ಮೆಣಸಿನ ಧಾರಣೆ ಕೇಳಿದರು, ನಾನು ಹೇಳಿದೆ. ಬೇಲಿಯ ತಕರಾರು ಈಗಲೂ ಇದೆ.

ಲಸಿಕೆಯ ಜಗಳ ಇನ್ನೊಂದು ಬಗೆಯದು, ಅದು ಮನೆಯೊಳಗಿನದು. 2021ರಲ್ಲಿ ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಗೆ, ಕುಟುಂಬದ ಮೂಲ ಮನೆಯಾದ ಐನ್‌ಮನೆಯಲ್ಲಿ ಸೇರುವಾಗ, ಲಸಿಕೆ ಹಾಕಿಸಿಕೊಳ್ಳದ ಚಿಕ್ಕಪ್ಪನವರು ಬಂದರೆ ತಾವು ಬರುವುದಿಲ್ಲವೆಂದು ಕೆಲವರು ಪಟ್ಟು ಹಿಡಿದರು. ಅವರ ಭಯವನ್ನು ನಾವು ಹಗುರವಾಗಿ ಕಾಣಲಿಲ್ಲ, ಚಿಕ್ಕಪ್ಪನವರನ್ನು ಬರಬೇಡಿ ಎನ್ನಲೂ ಇಲ್ಲ. ಎಲ್ಲರೂ ಮಾಸ್ಕ್ ಹಾಕಿಕೊಂಡು ಕದಿರು, ಅಂದರೆ ಹೊಸ ಭತ್ತದ ತೆನೆ, ತೆಗೆಯಲು ಗದ್ದೆಗೆ ಹೋಗಿ, ಊಟವನ್ನು ಗಾಳಿಯಾಡುವ ಜಗಲಿಗೂ ಅಂಗಳಕ್ಕೂ ಹಂಚಿದೆವು. ಲಸಿಕೆಯ ಪರವಾಗಿ ಅಂದು ಒಬ್ಬರೂ ಉಪನ್ಯಾಸ ಕೊಡಲಿಲ್ಲ, ಏಕೆಂದರೆ ಹತ್ತು ಜನರ ಎದುರು ಸೋಲೊಪ್ಪುವ ಹಿರಿಯರನ್ನು ನಾನಂತೂ ಕಂಡಿಲ್ಲ. ಮರುವಾರ ಅತ್ತಿಗೆ ಒಬ್ಬರೇ ಅವರ ಮನೆಗೆ ಹೋಗಿ, ಏನು ಅಂಜಿಕೆ ಎಂದು ಕೇಳಿದರು. ಸಕ್ಕರೆ ಕಾಯಿಲೆಯವರಿಗೆ ಸೂಜಿಯ ಗಾಯ ಮಾಯುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವ ಮನುಷ್ಯ ಅವರು. ಅತ್ತಿಗೆ ನಗಲಿಲ್ಲ. ಮುಂದಿನ ಲಸಿಕೆ ದಿನ ತಮ್ಮ ಜೀಪಿನಲ್ಲೇ ಕರೆದುಕೊಂಡು ಹೋದರು.