ಸೂಜಿ–ದಾರ: ಬೀರು ತುಂಬ ಬಟ್ಟೆ, ಹಾಕಿಕೊಳ್ಳೋಕೆ ಒಂದೂ ಇಲ್ಲ

ಪ್ರಶ್ನೆ: ನನಗೆ 26 ವರ್ಷ. ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ. ದಿನಾ ರೈಲಲ್ಲಿ ಓಡಾಟ. ಬೀರು ಬಾಗಿಲು ತೆಗೆದರೆ ಬಟ್ಟೆ ಮೈಮೇಲೆ ಬೀಳುತ್ತದೆ, ಆದರೂ ಬೆಳಿಗ್ಗೆ ಹಾಕಿಕೊಳ್ಳೋಕೆ ಏನೂ ಸಿಗೋದಿಲ್ಲ. ಆಫರ್ ಬಂದಾಗೆಲ್ಲ ಆನ್‌ಲೈನಲ್ಲಿ 399ರ ಕುರ್ತಿ ತರಿಸುತ್ತೇನೆ. ಮೂರು ಸಲ ಒಗೆದರೆ ಬಣ್ಣ ಹೋಗುತ್ತದೆ. ಈಗ ಎಲ್ಲ ಕಡೆ ‘ಸ್ಲೋ ಫ್ಯಾಷನ್’, ‘ಎಥಿಕಲ್ ಫ್ಯಾಷನ್’ ಅನ್ನುತ್ತಾರೆ. ಹೋಗಿ ನೋಡಿದರೆ ಒಂದು ಲಿನನ್ ಕುರ್ತಾಗೆ ನಾಲ್ಕೂವರೆ ಸಾವಿರ! ನನ್ನ ಸಂಬಳ 22,000. ಇದೆಲ್ಲ ನಮ್ಮಂಥವರಿಗಲ್ಲ, ಅಲ್ವಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ತಂಗಿ (ಹಾಗಂದರೆ ಬೇಜಾರಿಲ್ಲ ತಾನೆ? ಅಂಗಡಿಗೆ ಬರುವವರನ್ನೆಲ್ಲ ಹಾಗೇ ಕರೆದು ಅಭ್ಯಾಸ), ಆ ನಾಲ್ಕೂವರೆ ಸಾವಿರದ ಕುರ್ತಾ ಮರೆತುಬಿಡಿ. ಅದು ನನಗೂ ಎಟುಕುವುದಿಲ್ಲ. ಈ ಭಾನುವಾರ ಒಂದು ಕೆಲಸ ಮಾಡಿ. ಬೀರುವಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದು, ಒಂದೊಂದನ್ನೂ ಒಳಮೈ ಹೊರಗೆ ಬರುವ ಹಾಗೆ ತಿರುವಿ ಹಾಕಿ.

ಈಗ ಪಕ್ಕದ ಹೊಲಿಗೆ ನೋಡಿ. ಆ 399ರ ಕುರ್ತಿಯಲ್ಲಿ ಹೊಲಿಗೆಯ ಆಚೆ ಉಳಿದಿರುವ ಬಟ್ಟೆ ಕಾಲಿಂಚು ಇದ್ದರೆ ಹೆಚ್ಚು. ಅದರ ಮೇಲೇ ಓವರ್‌ಲಾಕ್ (ನೂಲು ಬಿಟ್ಟುಕೊಳ್ಳದ ಹಾಗೆ ಅಂಚು ಕಟ್ಟುವ ಹೊಲಿಗೆ) ಹೊಡೆದಿರುತ್ತಾರೆ. ಸ್ಕೇಲ್ ಇಟ್ಟು ಒಂದು ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಣಿಸಿ. ಹತ್ತು–ಹನ್ನೆರಡು ಇದ್ದರೆ ಒಳ್ಳೆಯದು. ಆರೋ ಏಳೋ ಇದ್ದರೆ, ರೈಲು ಹತ್ತುವ ನೂಕುನುಗ್ಗಲಲ್ಲೇ ಬಿಟ್ಟುಕೊಳ್ಳುತ್ತದೆ. ಆಮೇಲೆ ನಿಮ್ಮ ಅಮ್ಮನ ಹಳೇ ಬ್ಲೌಸ್ ಒಂದನ್ನು ಹೀಗೇ ತಿರುವಿ ನೋಡಿ. ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ. ಅದರಲ್ಲಿ ಎರಡು ಮೂರು ಸಾಲು ಹಳೇ ಹೊಲಿಗೆಯ ಗುರುತು. ಮದುವೆ ಹೊತ್ತಿಗೆ ಹಾಕಿದ್ದು ಒಂದು ಸಾಲು, ನೀವು ಹುಟ್ಟಿದ ಮೇಲೆ ಬಿಚ್ಚಿ ಸಡಿಲ ಮಾಡಿದ್ದು ಇನ್ನೊಂದು. ಒಂದೇ ಬ್ಲೌಸು ಹದಿನೈದು ವರ್ಷ ಬಂದಿರುತ್ತದೆ. ಸ್ಲೋ ಫ್ಯಾಷನ್ ಅಂತ ಈಗ ಹೆಸರಿಟ್ಟಿರುವುದು ಇದಕ್ಕೇ.

ಆ ಕಾಲಿಂಚಿನ ವಿಷಯ ನನಗೆ ಚೆನ್ನಾಗಿ ಗೊತ್ತು. ಮಂಡ್ಯದಲ್ಲಿ ಟೈಲರಿಂಗ್ ಅಂಗಡಿ ಇಡೋಕೆ ಮುಂಚೆ ಒಂಬತ್ತು ವರ್ಷ ಗಾರ್ಮೆಂಟ್ಸಲ್ಲಿದ್ದೆ. ಬೆಳಿಗ್ಗೆ ಏಳೂಕಾಲಿಗೆ ವ್ಯಾನು. ಷರ್ಟಿಗೆ ಕಾಲರ್ ಕೂರಿಸೋದಷ್ಟೇ ನನ್ನ ಕೆಲಸ. ತೋಳು ಯಾರೋ ಹೊಲಿಯುತ್ತಿದ್ದರು, ಕಾಜಾ ಇನ್ಯಾರೋ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು. ತಪ್ಪಿದರೆ ಸೂಪರ್‌ವೈಸರ್ ಬಾಯಿಗೆ ಸಿಗಬೇಕು. ಮಧ್ಯೆ ಎದ್ದು ಹೋಗುವ ಹಾಗಿರಲಿಲ್ಲ, ಅದಕ್ಕೇ ನಾವು ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೆವು.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಅನ್ನುವ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಒಳಗೆ ಐದು ಗಾರ್ಮೆಂಟ್ಸ್ ಇದ್ದವು. ಹಿಂದಿನ ದಿನವೇ ಬಿರುಕು ಕಂಡಿತ್ತು. ಆದರೂ ಬೆಳಿಗ್ಗೆ ಕೆಲಸಕ್ಕೆ ಒಳಗೆ ಕಳಿಸಿದರು. ಸತ್ತವರು 1,100ಕ್ಕೂ ಜಾಸ್ತಿ. ಹೆಚ್ಚಿನವರು ನಮ್ಮ ಹಾಗೇ ಕಾಲರ್, ತೋಳು ಹೊಲಿಯುತ್ತಿದ್ದವರು. ಟಿವಿಯಲ್ಲಿ ನೋಡಿದ ಮಾರನೇ ದಿನ ನಮ್ಮ ಲೈನಿನಲ್ಲಿ ಮಿಷನ್ ಮುಂದೆ ಕೂತವರೆಲ್ಲ ಒಂದು ಸಲ ತಲೆ ಎತ್ತಿ ಸೀಲಿಂಗ್ ನೋಡಿದೆವು.

ನೀವು ಹೇಳಿದ ‘ಎಥಿಕಲ್ ಫ್ಯಾಷನ್’ ಅಂದರೆ ಇದೇ, ಹೊಲಿದವರಿಗೂ ನ್ಯಾಯ ಸಿಗಬೇಕು ಅನ್ನೋದು. 399 ಅಂತ ಬೆಲೆ ಕಂಡಾಗೆಲ್ಲ ನಾನು ಬಟ್ಟೆಗಿಷ್ಟು, ದಾರಕ್ಕಿಷ್ಟು, ಕೊರಿಯರ್‌ಗಿಷ್ಟು, ಮಾರಿದವರಿಗಿಷ್ಟು ಅಂತ ಕಳೆಯುತ್ತಾ ಹೋಗುತ್ತೇನೆ. ಹೊಲಿದವಳ ಹತ್ತಿರ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಹಾಗಂತ ಬೆಲೆ ಜಾಸ್ತಿ ಇದ್ದರೆ ಹೊಲಿದವಳಿಗೆ ಜಾಸ್ತಿ ಸಿಕ್ಕಿದೆ ಅಂತಲೂ ಅಲ್ಲ. ನಾವು ಹೊಲಿದ ಷರ್ಟು ಹೊರದೇಶದಲ್ಲಿ ದುಬಾರಿಗೇ ಹೋಗುತ್ತಿತ್ತು. ನಮ್ಮ ಸಂಬಳ ಮಾತ್ರ ಅಷ್ಟೇ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಹೋದ ತಿಂಗಳು ಒಬ್ಬರು ಮೀಟರಿಗೆ 320 ರೂಪಾಯಿಯ ಖಾದಿ ತಂದಿದ್ದರು. ಎರಡೂವರೆ ಮೀಟರಿಗೆ 800, ನನ್ನ ಹೊಲಿಗೆ 350. ಒಟ್ಟು 1,150. ವಾರಕ್ಕೊಮ್ಮೆ ಹಾಕಿದರೂ ಮೂರು ವರ್ಷಕ್ಕೆ ನೂರೈವತ್ತು ಸಲ ಆಯಿತು. ಒಂದು ಸಲಕ್ಕೆ ಎಂಟು ರೂಪಾಯಿ ಬೀಳುವುದಿಲ್ಲ. ನಿಮ್ಮ 399ರ ಕುರ್ತಿ ಹನ್ನೆರಡು ಸಲ ಹಾಕೋಕೆ ಬಂದರೆ, ಸಲಕ್ಕೆ 33 ರೂಪಾಯಿ. ಯಾವುದು ದುಬಾರಿ ಹೇಳಿ?

ಬಟ್ಟೆಗೆ ದೂರ ಹೋಗಬೇಕಿಲ್ಲ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಇದೆ. ಖಾದಿ ನೇಯ್ಗೆ, ಗಿಡಮೂಲದ ಬಣ್ಣದ ಕೆಲಸಕ್ಕೆ ಹೆಸರಾದದ್ದು. ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಯ ಊರು. 1927ರಲ್ಲಿ ಗಾಂಧೀಜಿಯೇ ಅಲ್ಲಿಗೆ ಬಂದಿದ್ದರು. ಸೀರೆ ಉಡುವವರಾದರೆ ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ನೇಕಾರರ ಕಡೆ ಒಮ್ಮೆ ಹೋಗಿಬನ್ನಿ. ಮೈಸೂರು ಸಿಲ್ಕ್ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಮಾನಂದವಾಡಿ ರಸ್ತೆಯ ಕಾರ್ಖಾನೆ 1912ರದ್ದು. ಆ ಸೀರೆ ನೇಯೋದು ಕೈಮಗ್ಗದಲ್ಲಲ್ಲ, ವಿದ್ಯುತ್ ಮಗ್ಗದಲ್ಲಿ. ಇರಲಿ ಬಿಡಿ. ಅಮ್ಮ ಉಟ್ಟದ್ದನ್ನು ಮಗಳು ಉಡುತ್ತಾಳೆ, ಅದಕ್ಕಿಂತ ನಿಧಾನದ ಫ್ಯಾಷನ್ ಬೇಕಾ?

ಖಾದಿ ಅಂತ ಚೀಟಿ ಅಂಟಿಸಿದ್ದೆಲ್ಲ ಖಾದಿಯಲ್ಲ. ಕೈಯಲ್ಲಿ ನೂತದ್ದೋ ಅಲ್ಲವೋ ಅಂತ ಸುಟ್ಟು ನೋಡಿದರೆ ಗೊತ್ತಾಗೋದಿಲ್ಲ, ಎಳೆ ಹತ್ತಿಯದೋ ಪಾಲಿಯೆಸ್ಟರ್‌ದೋ ಅನ್ನೋದು ಗೊತ್ತಾಗುತ್ತದೆ. ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಉರಿಯುವ ಮೊದಲೇ ಕರಗಿ ಮುದುಡಿಕೊಂಡು, ಆರಿದ ಮೇಲೆ ಸಾಸಿವೆ ಕಾಳಿನ ಹಾಗೆ ಗಟ್ಟಿಯಾಗುತ್ತದೆ. ಬಿಸಿ ಇರುವಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು, ಇದು ನನ್ನದೇ ತಪ್ಪಿನಿಂದ ಕಲಿತದ್ದು. ಅಂಗಡಿ ಇಟ್ಟ ಹೊಸತರಲ್ಲಿ ಟೀಚರೊಬ್ಬರ ಖಾದಿಯನ್ನು ನೆನೆಸದೇ ಕತ್ತರಿಸಿಬಿಟ್ಟೆ. ಗಾರ್ಮೆಂಟ್ಸಲ್ಲಿ ಬಟ್ಟೆ ನೆನೆಸೋದನ್ನು ನಾನು ಕಂಡೇ ಇರಲಿಲ್ಲ. ಮೊದಲನೇ ಒಗೆತಕ್ಕೇ ಎರಡಿಂಚು ಕುಗ್ಗಿತು. ಪುಣ್ಯಕ್ಕೆ ಒಳಗೆ ಬಟ್ಟೆ ಬಿಟ್ಟಿದ್ದೆ. ಅಗಲ ಸರಿಮಾಡಿದೆ, ಉದ್ದ ಏನೂ ಮಾಡೋಕಾಗಲಿಲ್ಲ. ಅವರು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಹೊಸ ಹತ್ತಿ ಬಟ್ಟೆ ತಂದರೆ ರಾತ್ರಿ ಪೂರ್ತಿ ನೀರಲ್ಲಿ ನೆನೆಸಿ, ಗಂಜಿ ಬಿಡಿಸಿ, ನೆರಳಲ್ಲಿ ಒಣಗಿಸಿ ಆಮೇಲೆ ಟೈಲರ್‌ಗೆ ಕೊಡಿ. ಕೊಡುವಾಗ ‘ಒಳಗೆ ಒಂದೂವರೆ ಇಂಚು ಬಿಡಿ’ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೆಲವರು ಬಿಡೋದಿಲ್ಲ.

ಎಷ್ಟು ಬೇಕು ಅಂತ ಕೇಳಿದರೆ, ಈ ವರ್ಷಕ್ಕೆ ನಾಲ್ಕು ಕುರ್ತಾ, ಎರಡು ಪ್ಯಾಂಟು ಸಾಕು. ಪ್ಯಾಂಟು ಒಂದು ಕಪ್ಪು, ಒಂದು ಗೋಧಿ ಬಣ್ಣ. ಕುರ್ತಾ ಯಾವ ಬಣ್ಣದ್ದಾದರೂ ಸರಿ, ಎರಡಕ್ಕೂ ಒಪ್ಪುವ ಹಾಗಿರಲಿ. ಅಲ್ಲಿಗೆ ಎಂಟು ಜೊತೆ ಆಯಿತು. ನಾಲ್ಕನ್ನೂ ಒಟ್ಟಿಗೆ ಹೊಲಿಸಬೇಡಿ, ಮೂರು ತಿಂಗಳಿಗೊಂದು. ಅಲ್ಲಿಯವರೆಗೆ ಇರುವ ಕುರ್ತಿಗಳನ್ನೇ ಹಾಕಿ ಸವೆಸಿ. ಚೆನ್ನಾಗಿರೋದನ್ನು ಪಾಲಿಯೆಸ್ಟರ್ ಅನ್ನುವ ಕಾರಣಕ್ಕೆ ಬಿಸಾಡೋದು ಸುಮ್ನೆ ದಂಡ. ಸೀರೆಯವರಿಗೂ ಒಂದು ಮಾತು: ಪ್ರತಿ ಸೀರೆಗೂ ಮ್ಯಾಚಿಂಗ್ ಬ್ಲೌಸ್ ಅನ್ನೋ ಚಟ ಬಿಟ್ಟರೆ ಅರ್ಧ ಖರ್ಚು ಉಳಿಯುತ್ತದೆ. ನನ್ನ ಅಜ್ಜಿಗೆ ಇದ್ದದ್ದು ಒಂದು ಕಪ್ಪು, ಒಂದು ಕೆಂಪು ರವಿಕೆ. ಮದುವೆ, ತಿಥಿ, ಮೇಲುಕೋಟೆ ವೈರಮುಡಿ ಉತ್ಸವ ಎಲ್ಲಕ್ಕೂ ಅದೇ. (ಹೊಲಿಯೋದೇ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತಿದ್ದೇನೆ ನೋಡಿ!)

ಪ್ರಶ್ನೆ: ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳೋದು ಸರೀನಾ, ಇಲ್ಲ ಮನೆಯಲ್ಲೇ ಬಳಸಲಾ?
– ಗೃಹಿಣಿ, ಪಾಂಡವಪುರ

ಉತ್ತರ: ಹತ್ತಿ ಬಟ್ಟೆ ಕೊಡಬೇಡಿ. ಮಸಿಬಟ್ಟೆಗೆ, ನೆಲ ಒರೆಸೋಕೆ, ಮಗುವಿನ ಹಾಸಿಗೆಗೆ ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಆಗೋದಿಲ್ಲ. ಸಿಂಥೆಟಿಕ್ ಸೀರೆ ನೀರನ್ನೇ ಹೀರೋದಿಲ್ಲ, ಅದನ್ನು ಕೊಡಿ. ಆದರೆ ಪಾತ್ರೆಯವಳ ಹತ್ತಿರ ಜಾಸ್ತಿ ಚೌಕಾಸಿ ಬೇಡ. ಅವಳು ಆ ಗಂಟು ಹೊತ್ತು ಬಿಸಿಲಲ್ಲಿ ತಿರುಗಬೇಕು.

ಪ್ರಶ್ನೆ: ನನ್ನ ಎರಡು ಒಳ್ಳೆಯ ಹತ್ತಿ ಷರ್ಟುಗಳ ಕಾಲರ್ ಮಾತ್ರ ಮಡಿಕೆ ಹತ್ತಿರ ಸವೆದು ನೂಲು ಎದ್ದಿದೆ. ಉಳಿದದ್ದೆಲ್ಲ ಗಟ್ಟಿಯಾಗಿದೆ. ಬಿಸಾಡೋಕೆ ಮನಸ್ಸಿಲ್ಲ.
– ನಿವೃತ್ತ ನೌಕರರು, ಕುವೆಂಪುನಗರ, ಮೈಸೂರು

ಉತ್ತರ: ಬಿಸಾಡಬೇಡಿ ಸಾರ್. ಕಾಲರ್ ಕೂತಿರುವ ಪಟ್ಟಿಯ ಹೊಲಿಗೆ ಬಿಚ್ಚಿ, ಕಾಲರನ್ನು ಹೊರತೆಗೆದು, ಮಗುಚಿ ಅದೇ ಜಾಗಕ್ಕೆ ಕೂರಿಸಿದರೆ ಸವೆದ ಭಾಗ ಅಡಿಗೆ ಹೋಗುತ್ತದೆ. ಹಿಂದೆ ಎಲ್ಲ ಟೈಲರ್‌ಗಳೂ ಮಾಡುತ್ತಿದ್ದ ಕೆಲಸ. ಕಾಲರ್ ತುದಿಯಲ್ಲಿ ಗುಂಡಿ ಇರುವ ಷರ್ಟಿಗೆ ಮಾತ್ರ ಇದು ಸರಿಹೋಗೋದಿಲ್ಲ, ಕಾಜಾದ ಗುರುತು ಉಳಿದುಬಿಡುತ್ತದೆ. ಹೊಸಬರು ಆಗೋದಿಲ್ಲ ಅಂದರೆ, ನಿಮ್ಮ ಬೀದಿಯಲ್ಲಿ ಅರವತ್ತು ದಾಟಿದ ಟೈಲರ್ ಯಾರಿದ್ದಾರೆ ವಿಚಾರಿಸಿ. ನಾನು ಅರುವತ್ತು ರೂಪಾಯಿ ತಗೊಳ್ಳುತ್ತೇನೆ, ಇಪ್ಪತ್ತು ನಿಮಿಷದ ಕೆಲಸ. ಒಂಬತ್ತು ವರ್ಷ ಸಾವಿರಾರು ಹೊಸ ಕಾಲರ್ ಕೂರಿಸಿದ್ದೆ. ಕೂರಿಸಿದ್ದನ್ನು ಬಿಚ್ಚೋದು ಹೇಗೆ ಅಂತ ಗೊತ್ತಾದದ್ದು ಮಾತ್ರ ಅಂಗಡಿ ಇಟ್ಟ ಮೇಲೆ, ನಿಮ್ಮಂಥವರೇ ಒಬ್ಬರು ಷರ್ಟು ಹಿಡಿದು ಬಂದು ನಿಂತಾಗ.